ಸೋರ್ಗಿನ್ ಕಾಲು ಕೊಟ್ಟದ್ದು

ಬಸ್ಸಿನ ಕೀಲಿಕೈಯನ್ನು ಇನ್ನೂ ಬೆರಳಿಗೆ ಸಿಕ್ಕಿಸಿಕೊಂಡೇ ಮಾಯಲೆನ್ ದೊಡ್ಡಿಯ ಸರಳುಗಳ ನಡುವೆ ಬಗ್ಗಿ ಕುದುರೆಯ ಕಾಲು ನೋಡಿದಳು. ನಾಲ್ಕೂ ಗೊರಸು ಮುಂದಕ್ಕೆ ಚಾಚಿಕೊಂಡಿದ್ದವು, ಮಗುವೊಂದು ದೊಡ್ಡವರ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ಹಾಗೆ. ಬಲ ಮುಂಗಾಲಿನದು ಎಲ್ಲಕ್ಕಿಂತ ಕೆಟ್ಟಿತ್ತು. ತುದಿಯಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು ಹೊರಟಿತ್ತು.

"ನೋಡ್ತಾ ಕೂತ್ರೆ ಸವೆಯಲ್ಲ ಕಣೇ ಅದು," ಎಂದ ಬೇಲಿಯ ಹೊರಗೆ ಬಕೆಟ್ ಮಗುಚಿಹಾಕಿ ಅದರ ಮೇಲೆ ಕೂತಿದ್ದ ಎರಾಮುನ್. "ನೋಟದಲ್ಲೇ ಗೊರಸು ಸವೆಯೋ ಹಾಗಿದ್ದಿದ್ರೆ ನಾನು ನಲವತ್ತು ವರ್ಷ ಸೊಂಟ ಯಾಕೆ ಮುರ್ಕೋತಿದ್ದೆ?"

"ಐತಾ, ಬೆಳಗ್ಗೆಯಿಂದ ಅರವತ್ತು ಮೈಲಿ ಜಲ್ಲಿರಸ್ತೆ, ಇಪ್ಪತ್ತಾರು ಮಕ್ಕಳ ಕಿರುಚಾಟ. ನಿನ್ನದೂ ಶುರು ಮಾಡ್ಬೇಡ."

ಎರಾಮುನ್ ಅವಳ ಅಪ್ಪ. ಅವರ ಮನೆಯ ಹಳೆಯ ಬಾಸ್ಕ್ ಮಾತಿನಲ್ಲಿ ಅಪ್ಪನೆಂದರೆ ಐತಾ. ನಲವತ್ತೆರಡು ದಾಟಿ ಎರಡು ಮಕ್ಕಳ ತಾಯಿಯಾದರೂ ಮಾಯಲೆನ್ ಬಾಯಲ್ಲಿ ಅದೇ ಉಳಿದಿತ್ತು. ಎರಾಮುನ್ ಹರೆಯದಲ್ಲಿ ಕುರಿ ಕಾಯಲೆಂದು ಸಮುದ್ರ ದಾಟಿ ನೆವಾಡಾಕ್ಕೆ ಬಂದವನು. ಆಮೇಲೆ ಕುದುರೆಗಳಿಗೆ ಲಾಳ ಕಟ್ಟುವ ಕಸುಬು ಹಿಡಿದ. 'ಎರಾಮುನ್ ಕಟ್ಟಿದ ಲಾಳ ಕಳಚಿತು ಅಂದರೆ ಕುದುರೆ ಸತ್ತಿದೆ ಅಂತ ತಿಳಿ' ಎಂಬ ಮಾತು ಆ ಕಣಿವೆಯಲ್ಲಿ ಇವತ್ತಿಗೂ ಉಂಟು. ಈಗ ಎಪ್ಪತ್ತೆಂಟು. ಸೊಂಟ ಬಗ್ಗುವುದಿಲ್ಲ. ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ಕಾಡುಕುದುರೆ ದತ್ತು ಕೊಡುವ ಕಚೇರಿಯ ಕಾಗದ ಬಂದು ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯಡಿ ಕೂತಿತ್ತು. ಅಕ್ಟೋಬರ್ ಮೊದಲ ಸೋಮವಾರ ತಪಾಸಣೆಯವರು ಬರುತ್ತಾರೆ. ದತ್ತು ತಂದ ಕಾಡುಕುದುರೆ ಒಂದು ವರ್ಷ ತುಂಬುವವರೆಗೆ ಸರ್ಕಾರದ್ದೇ. ತಂದವರದು ಬರೀ ಸಾಕಣೆ. ಬಂದವರು ಮೊದಲು ನೋಡುವುದೇ ಕಾಲು. ಗೊರಸು ಬೆಳೆದು ಬಿರಿದಿದ್ದರೆ ಟ್ರೇಲರ್ ಹಿಂದಕ್ಕೆ ಮಾಡಿ ನಿಲ್ಲಿಸಿ ಕುದುರೆಯನ್ನು ಹತ್ತಿಸಿಕೊಂಡು ಹೋಗುತ್ತಾರೆ. ಒಯ್ಯುವುದು ಬೆಟ್ಟಕ್ಕಲ್ಲ, ಸಾವಿರಾರು ಕುದುರೆಗಳು ಸುಮ್ಮನೆ ನಿಂತಿರುವ ಸರ್ಕಾರಿ ದೊಡ್ಡಿಗೆ. ಏಳು ವರ್ಷದ ಹೆಣ್ಣುಕುದುರೆಯನ್ನು ಅಲ್ಲಿಂದ ಮತ್ತೆ ಕೇಳಿಕೊಂಡು ಬರುವವರು ಯಾರೂ ಇಲ್ಲ.

ಏಪ್ರಿಲ್‌ನಲ್ಲಿ ಅವಳು ಅದನ್ನು ಕಂಡದ್ದೂ ಅಂಥದೇ ದೊಡ್ಡಿಯಲ್ಲಿ. ಇಲಿಯ ಬಣ್ಣ, ಬೆನ್ನುದ್ದಕ್ಕೆ ಕರಿಗೆರೆ, ಕತ್ತಿನಲ್ಲಿ ಸರ್ಕಾರದ ಬಿಳಿ ಬರೆ. ಮೂರು ಸಲ ಜನರ ಮುಂದೆ ಬಿಟ್ಟರೂ ಯಾರೂ ಬೇಕೆಂದು ಕೈಯೆತ್ತಿರಲಿಲ್ಲ. ವಯಸ್ಸಾಯಿತು, ಪಳಗುವುದಿಲ್ಲ ಎಂದಿದ್ದರು. ಅವಳು ಬೇಲಿಗೆ ಒರಗಿ ನಿಂತಿದ್ದಾಗ ಯಾವುದೋ ಲಾರಿ ಢಂ ಎಂದು ಹೊಗೆ ಉಗುಳಿತು. ಮರಿಕುದುರೆಗಳೆಲ್ಲ ಮೂಲೆಗೆ ನುಗ್ಗಿದವು. ಇದೊಂದೇ ಎರಡು ಹೆಜ್ಜೆ ಇಟ್ಟು, ಸದ್ದಿಗೂ ಅಲ್ಲಿದ್ದ ಒಂದು ಕುಂಟು ಮುದಿಕುದುರೆಗೂ ನಡುವೆ ಹೋಗಿ ನಿಂತುಕೊಂಡಿತು.

"ಗಲಾಟೆ ಆದಾಗ ಯಾರು ಎಲ್ಲಿ ಹೋಗಿ ನಿಲ್ತಾರೆ ನೋಡಿದ್ರೆ ಸಾಕು, ಇನ್ನೇನೂ ಕೇಳ್ಬೇಕಾಗಿಲ್ಲ," ಎಂದಿದ್ದಳು ಮನೆಗೆ ಬಂದು. "ಹದಿನೈದು ವರ್ಷ ಶಾಲೆ ಬಸ್ ಓಡ್ಸಿದೀನಿ. ನಂಗೊತ್ತು."

ಗಂಡ ದೂರದ ಚಿನ್ನದ ಗಣಿಯಲ್ಲಿದ್ದು ಎರಡು ವಾರಕ್ಕೊಮ್ಮೆ ಬರುವವನು. ಫೋನಿನಲ್ಲಿ ನಕ್ಕು, "ಮನೇಲಿ ಹಟಮಾರಿಗಳು ಕಮ್ಮಿ ಆಗಿದ್ರಾ?" ಎಂದ. ಅಪ್ಪ ಮಾತ್ರ ಟ್ರೇಲರಿನಿಂದ ಇಳಿದ ಪ್ರಾಣಿಯನ್ನು ಬಹಳ ಹೊತ್ತು ನೋಡಿದ. ಹಿಂದಿನಿಂದ ಹೋದರೂ ಅದರ ಒಂದು ಕಿವಿ ಅವನತ್ತಲೇ ತಿರುಗುತ್ತಿತ್ತು. "ಸೋರ್ಗಿನ್," ಎಂದ. ಮಾಟಗಾತಿ ಅಂತ ಅರ್ಥ. ಬೈಗುಳವೇ ಹೆಸರಾಗಿ ನಿಂತಿತು.

ಅಲ್ಲಿಂದ ಆಗಸ್ಟಿನವರೆಗೆ ಅವಳು ಮಾಡಿದ್ದನ್ನು ಹೊರಗಿನವರು ನೋಡಿದ್ದರೆ ಏನೂ ಮಾಡುತ್ತಿಲ್ಲ ಎನ್ನುತ್ತಿದ್ದರು. ಹನ್ನೆರಡು ಅಡಿಯ ಬಿದಿರುಗಳುವೊಂದನ್ನು ಹಿಡಿದು ದೊಡ್ಡಿಯ ನಡುವೆ ನಿಲ್ಲುವಳು. ಬಾಯಲ್ಲಿ ಬಸ್ ನಿಲ್ಲುವ ಜಾಗಗಳ ಹೆಸರು, ದಿನವೂ ಅದೇ ಕ್ರಮ, ಅದೇ ದನಿ. ಒಂಬತ್ತನೆಯ ದಿನ ಕುದುರೆ ಗಳುವಿನ ತುದಿಯನ್ನು ತನ್ನ ಹೆಗಲಿಗೆ ತಾಗಲು ಬಿಟ್ಟಿತು. ದಿನ ಕಳೆದಂತೆ ಗಳು ಗಿಡ್ಡವಾಗುತ್ತ ಬಂತು. ಅವಳು ಅದನ್ನು ಗೇಣು ಗೇಣಾಗಿ ಗರಗಸದಲ್ಲಿ ಕೊಯ್ಯುತ್ತಿದ್ದಳು. ಇಪ್ಪತ್ತಮೂರನೆಯ ದಿನ ಗಳುವಿನ ಬದಲು ಕೈಯೇ ಇತ್ತು. ಕುದುರೆ ನಡುಗಿತು, ಉಸಿರು ಬಿಗಿಹಿಡಿಯಿತು, ತಲೆ ತಿರುಗಿಸಿ ಆ ಕೈಯನ್ನು ನೋಡಿತು, ನಿಂತಿತು. ಹೆದರಿ ಒಪ್ಪಿದ್ದಲ್ಲ ಅದು, ಯೋಚಿಸಿ ಒಪ್ಪಿದ್ದು. ಪ್ರತಿಯೊಂದನ್ನೂ ಅದು ಹಾಗೇ ಒಪ್ಪುತ್ತಿತ್ತು, ಮುಖಕ್ಕೆ ತೊಡಿಸುವ ಹಗ್ಗವನ್ನೂ, ಬೆನ್ನ ಮೇಲೆ ಎಸೆದ ಕಂಬಳಿಯನ್ನೂ. ಒಮ್ಮೆ ಒಪ್ಪಿದ್ದನ್ನು ಹಿಂದಕ್ಕೆ ಪಡೆಯುತ್ತಿರಲಿಲ್ಲ. ಅಂಥ ಮನುಷ್ಯರನ್ನು ಮಾಯಲೆನ್ ಕೈಬೆರಳಲ್ಲಿ ಎಣಿಸಬಲ್ಲಳು.

ಕಾಲನ್ನು ಮಾತ್ರ ಒಪ್ಪಲಿಲ್ಲ. ಮೊಣಕಾಲಿನ ಕೆಳಗೆ ಕೈ ಇಳಿದರೆ ಸಾಕು, ಒದೆಯುವುದಿಲ್ಲ, ಕಚ್ಚುವುದಿಲ್ಲ, ಆ ಕಾಲನ್ನೆತ್ತಿ ಆಚೆ ಇಟ್ಟು ನಡೆದುಬಿಡುತ್ತಿತ್ತು, ಅಂಗಡಿಯಲ್ಲಿ ಬೆಲೆ ಹಿಡಿಸದ ಹೆಂಗಸಿನ ಹಾಗೆ. ಬಲ ಮುಂಗಾಲಿನಲ್ಲಿ, ಗೊರಸಿನ ಮೇಲೆ, ಕೂದಲಿಲ್ಲದ ಒಂದು ಬಳೆಯಂಥ ಹಳೆಯ ಗಾಯದ ಗುರುತಿತ್ತು. ತಂತಿಯೋ ಹಗ್ಗವೋ, ಏನಾಗಿತ್ತೋ ಅದಕ್ಕೇ ಗೊತ್ತು.

"ಒಂದು ಹಗ್ಗ, ಒಂದು ಗಂಟೆ," ಎಂದ ಎರಾಮುನ್ ಈಗ. "ಕಾಲು ಮಡಚಿ ಮೇಲಕ್ಕೆ ಕಟ್ಟಿಬಿಡು. ಮೂರು ಕಾಲಲ್ಲಿ ಕುಣೀಲಿ, ಬೀಳ್ಲಿ, ಏಳ್ಲಿ. ಸುಸ್ತಾದ್ಮೇಲೆ ಎಂಥ ಸೋರ್ಗಿನ್ನೂ ಕುರಿಮರಿ. ನಾನು ಇನ್ನೂರು ಕುದುರೆಗೆ ಹಂಗೇ ಮಾಡಿದೀನಿ."

"ಆ ಇನ್ನೂರಲ್ಲಿ ಎಷ್ಟು ನಿನ್ನ ಕಂಡ್ರೆ ಹತ್ರ ಬರ್ತಿದ್ವು?"

"ಹತ್ರ ಬರೋಕೆ ನಾನೇನು ಅವುಕ್ಕೆ ನೆಂಟನಾ? ಕಾಲು ನೆಟ್ಟಗಿತ್ತೋ ಇಲ್ವೋ ಕೇಳು."

"ಏಪ್ರಿಲ್‌ನಿಂದ ಕಟ್ಟಿದ್ದು ಆ ಒಂದು ಗಂಟೇಲಿ ಮಣ್ಣಾಗುತ್ತೆ, ಐತಾ."

"ಕರ್ಕೊಂಡು ಹೋದ್ರೆ ಮಣ್ಣಾಗಲ್ವಾ?"

ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ತಪಾಸಣೆಯ ಹಿಂದಿನ ಶುಕ್ರವಾರದವರೆಗೆ ಅವಳ ದಾರಿ. ಅಷ್ಟರಲ್ಲಿ ಆಗದಿದ್ದರೆ ಶನಿವಾರ ಬೆಳಗ್ಗೆ ಅಪ್ಪನ ಹಗ್ಗ. ಕೈಕುಲುಕಿದರು. ಅಪ್ಪನ ಅಂಗೈ ಇನ್ನೂ ಗೊರಸು ಉಜ್ಜುವ ಅರದ ಹಾಗೆ ಒರಟಾಗಿತ್ತು.

ಮಾರನೆಯ ದಿನ ಬೆಳಗ್ಗೆ ಬಸ್ಸು ಬತ್ತಿದ ತೊರೆಯ ತಿರುವಿಗೆ ಬಂದಾಗ ಅವಳು ಬ್ರೇಕ್ ಒತ್ತಿ ನಿಲ್ಲಿಸಬೇಕಾಯಿತು. ಬೆಟ್ಟದಿಂದಿಳಿದ ಕಾಡುಕುದುರೆಗಳು ರಸ್ತೆ ದಾಟುತ್ತಿದ್ದವು, ಎಂಟೋ ಒಂಬತ್ತೋ. ಮಕ್ಕಳು ಕಿಟಕಿಗೆ ಮುಗಿಬಿದ್ದವು. ಹಾರ್ನ್ ಹೊಡಿ ಅಂತ ಒಬ್ಬ, ಹೊಡೀಬೇಡ ಅಂತ ಮತ್ತೊಬ್ಬಳು. ಮಾಯಲೆನ್ ಕಣ್ಣು ಮಾತ್ರ ನೆಲದಲ್ಲಿತ್ತು. ಬೋಗುಣಿ ಬೋರಲು ಹಾಕಿದಂಥ ಪುಟ್ಟ ದುಂಡನೆಯ ಗೊರಸುಗಳು. ಅಂಚು ಉಜ್ಜಿ ನುಣುಪು ಮಾಡಿದ ಹಾಗೆ. ಯಾವ ಅರ, ಯಾವ ಇಕ್ಕಳ ಮುಟ್ಟಿತ್ತು ಇವುಗಳನ್ನು? ಕುದುರೆಗಳು ದಾಟಿದ ಮೇಲೂ ಅವು ಇಳಿದು ಬಂದ ಕರಿಕಲ್ಲಿನ ಇಳಿಜಾರನ್ನು ಅವಳು ನೋಡುತ್ತ ಕೂತಳು. ಹಿಂದಿನಿಂದ ಯಾರೋ, "ಮಿಸೆಸ್, ನಿದ್ದೆ ಬಂತಾ?" ಎಂದು ಕೂಗಿದ ಮೇಲೆಯೇ ಗೇರು ಹಾಕಿದ್ದು.

ಸಂಜೆ ಬಂದವಳು ನೇರ ದೊಡ್ಡಿಗೆ ಹೋಗಿ ಬೂಟಿನ ತುದಿಯಿಂದ ನೆಲ ಕೆದರಿದಳು. ಮೆತ್ತನೆ ಮರಳು. ಏಪ್ರಿಲ್‌ನಲ್ಲಿ ಹಿಮ ಕರಗಿ ಕೆಸರಾಗಿದ್ದಾಗ ಎರಾಮುನ್ ಯಾರಿಗೂ ಹೇಳದೆ ಮೂರು ಲೋಡು ಮರಳು ತರಿಸಿ ಸುರಿಸಿದ್ದ. ಬೈದುಕೊಂಡೇ ಕೊಟ್ಟ ಉಡುಗೊರೆ ಅದು.

"ಐತಾ, ಈ ಮರಳು..."

"ಏನಾಯ್ತು ಮರಳಿಗೆ? ಒಳ್ಳೆ ಮರಳು. ಕೆಸರಲ್ಲಿ ನಿಂತ್ರೆ ಕಾಲು ಕೊಳೆಯಲ್ವಾ? ನಾನು ಎಷ್ಟು ಕುರಿ..." ಎಂದವನ ಮಾತು ಅಲ್ಲೇ ನಿಂತಿತು.

ಎರಾಮುನ್ ಟೋಪಿ ತೆಗೆದು, ಒಳಗೇನೋ ಬಿದ್ದಿದೆಯೇನೋ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡ.

"ನಲವತ್ತು ವರ್ಷ ಕುದುರೆ ಕಾಲು ಹಿಡಿದೆ," ಎಂದ ಸಣ್ಣ ದನಿಯಲ್ಲಿ. "ಬುದ್ಧಿ ಮಾತ್ರ ಇನ್ನೂ ಕುರಿ ಹಿಂದೇನೇ ಹೋಗ್ತಿದೆ ನೋಡು. ಕಲ್ಲಿನ ಮೇಲೆ ಹುಟ್ಟಿದ್ದನ್ನ ಹಾಸಿಗೆ ಮೇಲೆ ನಿಲ್ಲಿಸಿದೀನಿ. ಗೊರಸು ಸವೆಯೋದಾದ್ರೂ ಹೇಗೆ?"

"ನೀನು ಒಳ್ಳೇದಕ್ಕೇ ಮಾಡಿದ್ದು."

"ಒಳ್ಳೇದಕ್ಕೆ ಮಾಡಿದ್ದೇ ಜಾಸ್ತಿ ಕೆಡಿಸೋದು. ಪಿಕಪ್ ಕೀ ಎಲ್ಲಿ?"

ಅಂದಿನಿಂದ ಹತ್ತು ಸಂಜೆ ಅವರು ಕಲ್ಲು ಹೊತ್ತರು. ಬತ್ತಿದ ತೊರೆಯ ಕರಿಕಲ್ಲು. ಮಾಯಲೆನ್ ಎತ್ತಿ ಹಾಕುವಳು. ಎರಾಮುನ್ ಬಕೆಟ್ಟಿನ ಮೇಲೆ ಕೂತು, ಇದು ಚೂಪು ಬೇಡ, ಇದು ಸರಿ, ಇದು ನಿನ್ನ ಗಂಡನ ತಲೆ ಹಾಗಿದೆ ಮೊದಲು ಹಾಕು ಎಂದು ಆರಿಸುವನು. ದಾರಿಯಲ್ಲಿ ಹೋಗುತ್ತಿದ್ದ ನೆರೆಯ ಹಾರ್ಲನ್ ಗಾಡಿ ನಿಲ್ಲಿಸಿದ.

"ಏನ್ರೀ, ಕುದುರೆಗೆ ರಸ್ತೆ ಹಾಕಿಸ್ತಿದೀರಾ?"

"ಹೂಂ, ನಿನ್ನ ಮನೆವರೆಗೂ," ಎಂದ ಎರಾಮುನ್. "ದಿನಾ ಬೆಳಗ್ಗೆ ಕಾಫಿಗೆ ಬರುತ್ತೆ. ಕಪ್ಪು ದೊಡ್ಡದಿಟ್ಟಿರು."

ದೊಡ್ಡಿಯ ಒಂದು ತುದಿಗೆ ನೀರಿನ ತೊಟ್ಟಿ, ಇನ್ನೊಂದು ತುದಿಗೆ ಹುಲ್ಲು, ನಡುವೆ ಉದ್ದಕ್ಕೂ ಕಲ್ಲು. ಮೊದಲ ದಿನ ಸೋರ್ಗಿನ್ ಕಲ್ಲಿನ ಅಂಚಿಗೆ ಬಂದು ಮೂಗು ಇಳಿಸಿ, ಒಂದೊಂದನ್ನೂ ಮೂಸಿತು. ಆಮೇಲೆ ನಡೆಯಿತು. ಐದು ತಿಂಗಳಿಂದ ತಂದೆ ಮಗಳು ಕಂಡದ್ದು ಮರಳಿನಲ್ಲಿ ಕಾಲೆಳೆಯುವ ಒಂದು ಪ್ರಾಣಿಯನ್ನು. ಈಗ ಅದು ಕತ್ತು ತಗ್ಗಿಸಿ, ಬೆನ್ನು ಸಡಿಲಿಸಿ, ನೆಲವನ್ನು ಅಕ್ಷರ ಅಕ್ಷರವಾಗಿ ಓದಿಕೊಂಡು ಹೋಯಿತು. ಮುಂಗಾಲು ಬಿಟ್ಟ ಜಾಗಕ್ಕೇ ಹಿಂಗಾಲು ಬಂದು ಕೂರುತ್ತಿತ್ತು. ಒಂದು ಕಲ್ಲೂ ಉರುಳಲಿಲ್ಲ. ಆಚೆ ದಡ ಸೇರಿ, ನೀರು ಕುಡಿದು, ತಲೆಯೆತ್ತಿದಾಗ ಅದರ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ರಾಣಿ ಕಣೇ," ಎಂದ ಎರಾಮುನ್. ಮರುಗಳಿಗೆ ಕೆಮ್ಮಿ, "ಕಾಲು ಮಾತ್ರ ಕೊಡಲ್ಲ," ಎಂದು ಸೇರಿಸಿದ.

ಮೂರು ವಾರದಲ್ಲಿ ಮೂರು ಗೊರಸು ತಾವಾಗಿ ಸವೆದು ದುಂಡಗಾದವು. ನಾಲ್ಕನೆಯದು ಆಗಲಿಲ್ಲ. ಗಾಯದ ಗುರುತಿನ ಆ ಬಲ ಮುಂಗಾಲನ್ನು ಸೋರ್ಗಿನ್ ಕಾಪಾಡಿಕೊಂಡು ನಡೆಯುತ್ತಿತ್ತು. ಅಷ್ಟು ಕಲ್ಲಿನ ನಡುವೆಯೂ ಅದಕ್ಕೊಂದು ಮೆತ್ತನೆ ಸಂದು ಹುಡುಕಿಕೊಳ್ಳುತ್ತಿತ್ತು. ಗೊರಸು ಇನ್ನೂ ಉದ್ದ. ಬಿರುಕು ಒಂದು ಬೆರಳಗಲ ಮೇಲೇರಿತ್ತು. ಇನ್ನೊಂದು ಬೆರಳು ಏರಿದರೆ ಕುಂಟು ಎಂದ ಎರಾಮುನ್, ಈ ಸಲ ತಮಾಷೆಯಿಲ್ಲದೆ. ತಪಾಸಣೆಗೆ ಒಂದು ವಾರ ಉಳಿದಿತ್ತು.

ಮಂಗಳವಾರ ಸಂಜೆ ತೊಟ್ಟಿಯ ನಲ್ಲಿ ಕೆಟ್ಟಿತು. ಮಾಯಲೆನ್ ಕಲ್ಲಿನಾಚೆ ಒಂದು ಅಗಲವಾದ ರಬ್ಬರ್ ಬಾನಿ ಇಟ್ಟು ಪೈಪಿನಿಂದ ನೀರು ತುಂಬಿದಳು. ಸೋರ್ಗಿನ್ ಬಂದು ಕುಡಿಯಿತು. ಕುಡಿದು, ಬಲ ಮುಂಗಾಲೆತ್ತಿ ಬಾನಿಯೊಳಕ್ಕೆ ಇಟ್ಟಿತು. ಚಟ್, ಚಟ್, ಚಟ್ ಎಂದು ಮೂರು ಸಲ ಕೆದರಿ ಅವಳನ್ನು ಪೂರ್ತಿ ತೋಯಿಸಿತು. ಆಮೇಲೆ ಕಾಲನ್ನು ನೀರಲ್ಲೇ ಬಿಟ್ಟುಕೊಂಡು ಕಣ್ಣು ಅರ್ಧ ಮುಚ್ಚಿತು.

"ತೊರೆ ಬತ್ತಿದಾಗ ಹಂಗೇ ಅಗೆದು ನೀರು ತೆಗೀತವೆ," ಎಂದ ಹೊರಗಿನಿಂದ ಎರಾಮುನ್. "ತಂಪಿಗೆ ಹಾಯಾಗಿದೆ ಅದಕ್ಕೆ. ನೋವಿತ್ತು ಅಂತ ಕಾಣುತ್ತೆ."

ಮಾಯಲೆನ್ ಒದ್ದೆ ಮುಖ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಅವಳ ಕಿರಿಯ ಮಗ ಎರಡು ವರ್ಷದವನಿದ್ದಾಗ ಉಗುರು ಕತ್ತರಿಸಲು ಬಿಡುತ್ತಿರಲಿಲ್ಲ. ಮನೆ ಹಾರಿಹೋಗುವ ಹಾಗೆ ಅರಚುತ್ತಿದ್ದ. ಸ್ನಾನದ ತೊಟ್ಟಿಯಲ್ಲಿ ಆಡುತ್ತಿರುವಾಗ ಮಾತ್ರ ಕೈ ಕೊಟ್ಟುಬಿಡುತ್ತಿದ್ದ, ಗಮನವೇ ಇಲ್ಲದೆ.

"ಐತಾ, ನೆಂದ ಗೊರಸು ಮೆತ್ತಗಾಗುತ್ತಾ?"

"ಕುರಿ ಚೀಸ್ ಹಾಗೆ. ಯಾಕೆ?"

ಅವಳು ಬಾನಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೈಯನ್ನು ನೀರಿಗಿಳಿಸಿದಳು, ಕಾಲಿನಿಂದ ದೂರ, ಇನ್ನೊಂದು ಅಂಚಿನಲ್ಲಿ. ಬಾಯಲ್ಲಿ ಬಸ್ಸಿನ ಊರುಗಳು ಹೊರಟವು. ಅಂದು ಅಷ್ಟೇ. ಬುಧವಾರ ನೀರೊಳಗೇ ಕೈ ಹತ್ತಿರ ಬಂದು ಗೊರಸಿಗೆ ತಾಗಿತು. ಕುದುರೆ ಕಿವಿ ತಿರುಗಿಸಿತು, ಕಾಲು ತೆಗೆಯಲಿಲ್ಲ. ಗುರುವಾರ ಅವಳ ಬೆರಳು ಆ ಹಳೆಯ ಗಾಯದ ಬಳೆಯ ಮೇಲೆ ಸುತ್ತು ಬಂತು. ಸೋರ್ಗಿನ್ ತಲೆ ತಗ್ಗಿಸಿ ಅವಳ ಕತ್ತಿನ ಮೇಲೆ ಉಸಿರು ಬಿಟ್ಟಿತು, ಬಿಸಿಯಾಗಿ, ಉದ್ದವಾಗಿ.

ಶುಕ್ರವಾರ ಎರಾಮುನ್ ಹಗ್ಗದ ಸುರುಳಿ ತೊಡೆಯ ಮೇಲಿಟ್ಟುಕೊಂಡೇ ಬಂದು ಕೂತ. ಕೊಟ್ಟ ಮಾತೆಂದರೆ ಮಾತು. ಆದರೆ ಅವಳು ಬಾನಿಯ ಪಕ್ಕ ಕೂತ ಕೂಡಲೇ ಅವನಿಗೆ ತಡೆಯಲಾಗಲಿಲ್ಲ.

"ಹಿಡೀಬೇಡ್ವೇ! ಬೆರಳು ಮಡಚಿದ್ರೆ ಅದಕ್ಕೆ ಹಗ್ಗ ಅನ್ಸುತ್ತೆ. ಅಂಗೈ ಬಿಚ್ಚು. ತಟ್ಟೆ ಹಾಗೆ ಹೊತ್ಕೋ."

"ಹೀಗಾ?"

"ನಿನ್ನ ಭುಜ ಅದರ ಭುಜಕ್ಕೆ ತಾಗ್ಲಿ. ನೀನೆಲ್ಲಿದೀಯ ಅಂತ ಗೊತ್ತಿರ್ಬೇಕು ಅದಕ್ಕೆ. ಈಗ ಕಾಯಿ. ನೀನು ಎತ್ತೋದಲ್ಲ, ಅದು ಕೊಡೋದು."

ಎಷ್ಟು ಹೊತ್ತು ಕಾದಳೋ. ಅವಳ ಮೊಣಕಾಲು ಜೋಮು ಹಿಡಿಯಿತು. ಆಮೇಲೆ ಅಂಗೈಯಲ್ಲಿ ಭಾರ ಬದಲಾಯಿತು. ನೀರು ಸೋರುತ್ತ ಗೊರಸು ಮೇಲೆ ಬಂತು, ಅವಳ ತೊಡೆಯ ಮೇಲೆ ಕೂತಿತು. ಮಾಯಲೆನ್ ಬಗ್ಗಿ ಅದರ ಅಡಿ ನೋಡಿದಳು. ವರ್ಷಗಟ್ಟಲೆ ಬೆಟ್ಟ ತುಳಿದ ಅಡಿ, ಯಾವ ಮನುಷ್ಯನಿಗೂ ತೋರಿಸಿರದ್ದು.

"ಅರ ತಗೋ," ಎರಾಮುನ್ ದನಿ ಪಿಸುಮಾತಾಗಿತ್ತು. "ಹಿಮ್ಮಡಿಯಿಂದ ಮುಂದಕ್ಕೆ. ಒಂದು... ಎರಡು... ಉಜ್ಜಿ ತೀಡ್ಬೇಡ, ಉದ್ದಕ್ಕೆ ಎಳಿ... ಆರು. ಸಾಕು, ಕೆಳಗಿಡು."

"ಇನ್ನೂ ನಿಂತಿದೆಯಲ್ಲ, ಐತಾ. ಇನ್ನೊಂದೆರಡು..."

"ಇಡು ಅಂದ್ನಲ್ಲ. ಅದು ವಾಪಸ್ ಕೇಳೋ ಮುಂಚೆ ನೀನೇ ಕೊಟ್ಟುಬಿಡು. ಆಗ ಮತ್ತೆ ಕೊಡುತ್ತೆ."

ಮಾಯಲೆನ್ ತಲೆಯೆತ್ತಿ ಅಪ್ಪನನ್ನು ನೋಡಿದಳು. ಇನ್ನೂರು ಕುದುರೆಗಳ ಕಾಲು ಕಟ್ಟಿದ ಮನುಷ್ಯ ಇದನ್ನೆಲ್ಲಿ ಕಲಿತ? ಎರಾಮುನ್ ಮುಖ ಆಚೆ ತಿರುಗಿಸಿದ. "ಕಟ್ಟಿದೋನಿಗೇ ಗೊತ್ತಿರೋದು ಕಟ್ಟದೇ ಹೇಗೆ ಮಾಡ್ಬೇಕಿತ್ತು ಅಂತ," ಎಂದ. "ದಿನಕ್ಕೆ ಎಂಟು ಕುದುರೆ ಇರ್ತಿದ್ವು ಕಣೇ. ಕಾಯೋಕೆ ಹೊತ್ತೆಲ್ಲಿತ್ತು?"

ಆರು ಎಳೆತ, ಇಳಿಸುವುದು, ಕಾಯುವುದು, ಮತ್ತೆ ಆರು. ಕತ್ತಲಾಗುವಷ್ಟರಲ್ಲಿ ಗೊರಸಿನ ಕಾಲುಭಾಗ ಸರಿಯಾಗಿತ್ತು. ಶನಿವಾರ ಬೆಳಗ್ಗೆ ಎರಾಮುನ್ ಹಗ್ಗವನ್ನು ಕೊಟ್ಟಿಗೆಯಲ್ಲೇ ಬಿಟ್ಟು, ತನ್ನ ಒಳ್ಳೆಯ ಅರವನ್ನು ಎಣ್ಣೆಬಟ್ಟೆಯಿಂದ ಬಿಚ್ಚುತ್ತ ಬಂದ. ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಕುರಿಮಾಂಸ ಬೀನ್ಸ್‌ಕಾಳಿನ ಸಾರು ಸೀಯುತ್ತಿದ್ದರೂ ಯಾರೂ ಏಳಲಿಲ್ಲ. ಕೊನೆಯ ಆರು ಎಳೆತಕ್ಕೆ ಬಿರುಕಿನ ಬಾಯಿ ದುಂಡಗಾಗಿ, ಮೇಲೇರುವುದಕ್ಕೆ ದಾರಿಯಿಲ್ಲದೆ ನಿಂತಿತು.

ಸೋಮವಾರ ಬಂದವಳು ಕ್ಲೋಡೆಟ್ ಎಂಬ ಐವತ್ತರ ಹೆಂಗಸು. ಬಿಸಿಲಿಗೆ ಸುಟ್ಟ ಮುಖ, ನಗದ ಬಾಯಿ. ಬೇಲಿ ಅಲುಗಿಸಿ ನೋಡಿದಳು, ನೀರು ನೋಡಿದಳು, ಕಲ್ಲು ನೋಡಿ ಹುಬ್ಬೇರಿಸಿದಳು, ಬರೆದುಕೊಂಡಳು.

"ಮೂರು ಚೆನ್ನಾಗಿವೆ," ಎಂದಳು. "ಆ ಬಲ ಮುಂಗಾಲಿನ ಬಿರುಕು ನಾನು ನೋಡ್ಬೇಕಲ್ಲಮ್ಮಾ. ಎತ್ತಿ."

"ಅದಕ್ಕೆ ನೀರು ಬೇಕು."

"ಏನು?"

"ಬಾನಿ ತುಂಬಬೇಕು. ಸ್ವಲ್ಪ ಹೊತ್ತಾಗುತ್ತೆ."

"ಕೂತ್ಕೊಳ್ಳಿ," ಎಂದು ಎರಾಮುನ್ ಎದ್ದು ತನ್ನ ಬಕೆಟ್ ತೋರಿಸಿದ. "ಮಾಟಗಾತಿ ಸ್ನಾನ ಮಾಡ್ದೆ ಯಾರಿಗೂ ದರ್ಶನ ಕೊಡಲ್ಲ."

ಕ್ಲೋಡೆಟ್ ಕೂರಲಿಲ್ಲ. ನೀರು ತುಂಬಿತು. ಸೋರ್ಗಿನ್ ಹೊಸಬಳನ್ನು ನೋಡುತ್ತ ಕಲ್ಲಿನಾಚೆಯೇ ನಿಂತಿತು. ಒಂದು ನಿಮಿಷ, ಎರಡು. ಮಾಯಲೆನ್ ಕರೆಯಲಿಲ್ಲ, ಬಾನಿಯ ಪಕ್ಕ ಬಗ್ಗಿ ಬಸ್ಸಿನ ಊರುಗಳನ್ನು ಹೇಳತೊಡಗಿದಳು. ನಾಲ್ಕನೆಯ ಊರಿಗೆ ಕುದುರೆ ಹೊರಟಿತು, ಎಂದಿನಂತೆ ನೆಲ ಓದುತ್ತ ಕಲ್ಲು ದಾಟಿ ಬಂತು. ಕಾಲು ನೀರಿಗಿಟ್ಟಿತು. ಅವಳ ಬಿಚ್ಚಿದ ಅಂಗೈಗೆ ಗೊರಸು ತಾನಾಗಿ ಬಂತು.

ಕ್ಲೋಡೆಟ್ ಹತ್ತಿರ ಬಂದು ಬಗ್ಗಿದಳು, ಬಿರುಕಿನ ಮೇಲೆ ಹೆಬ್ಬೆರಳಿಟ್ಟು ನೋಡಿದಳು. ಕುದುರೆಯ ಚರ್ಮ ಒಮ್ಮೆ ಅದುರಿ ಸುಮ್ಮನಾಯಿತು. "ಎಲ್ಲಿ ಹಿಡಿದಿದ್ದು ಇದನ್ನ?"

"ಅಲ್ಲೇ," ಮಾಯಲೆನ್ ಗಲ್ಲದಿಂದ ಎದುರಿನ ಬೆಟ್ಟ ತೋರಿಸಿದಳು.

"ಹೂಂ." ಕಾಗದದ ಮೇಲೆ ಪೆನ್ನು ಓಡಿತು. "ಏಪ್ರಿಲ್‌ನಲ್ಲಿ ಹಕ್ಕುಪತ್ರಕ್ಕೆ ಸಹಿ ಮಾಡಿ ಕಳ್ಸಿ. ಕಾಲು ಹೀಗೇ ಇಟ್ಕೊಳ್ಳಿ." ಹೋಗುತ್ತ ಹೋಗುತ್ತ ತಿರುಗಿ ಮತ್ತೊಮ್ಮೆ ಕಲ್ಲನ್ನು ನೋಡಿದಳು, ಬಾನಿಯನ್ನು ನೋಡಿದಳು.

ಗಾಡಿಯ ಧೂಳು ಅಡಗಿದರೂ ಮಾಯಲೆನ್ ಕಾಲನ್ನು ಕೆಳಗಿಟ್ಟಿರಲಿಲ್ಲ. ಇಡಲು ಹೋದರೆ ಕುದುರೆಗೆ ಅವಸರವೇ ಇರಲಿಲ್ಲ. ಅದರ ಭುಜ ಅವಳ ಭುಜಕ್ಕೆ ಒತ್ತಿತು, ಇನ್ನೂ ಒತ್ತಿತು, ನಾನೂರು ಕಿಲೋ ಭಾರದ ಒಂದು ಪಾಲು ನಿಧಾನವಾಗಿ ಅವಳ ಮೇಲೆ ಇಳಿಯಿತು. ಹುಟ್ಟಿದಂದಿನಿಂದ ನಿಂತೇ ನಿದ್ದೆ ಮಾಡಿದ, ಯಾರ ಮೇಲೂ ಒರಗದ ಪ್ರಾಣಿ.

"ತಳ್ಳೇ ಅದನ್ನ!" ಎರಾಮುನ್ ಬೇಲಿಯಾಚೆಯಿಂದ ಕೂಗಿದ. "ಭಾರ ಬಿಡ್ತಿದೆ ನಿನ್ನ ಮೇಲೆ. ಮನೆ ಕುದುರೆಗಳ ಸೋಮಾರಿ ಚಾಳಿ ಅದು. ಈಗಲೇ ಬಿಡಿಸಬೇಕು, ಸೊಂಟ ಹೋಗುತ್ತೆ ನಿಂದು!"

"ನಾಳೆ ಬಿಡಿಸ್ತೀನಿ, ಐತಾ," ಎಂದಳು ಮಾಯಲೆನ್, ಬೆನ್ನು ಗಟ್ಟಿ ಮಾಡಿಕೊಂಡು.